ಜಠರದ ಕ್ಯಾನ್ಸರ್ ಇರುವವರ ಲಿವರಿನಲ್ಲಿ ಬಿಳಿ ಮಚ್ಚೆ: ಹೆಮಾಂಜಿಯೋಮಾ ಎಂದು ಯಾವಾಗ ಖಚಿತವಾಗಿ ಬರೆಯಬಹುದು?

ರೇಡಿಯೋ ಪಿಜಿ

ಎಲ್ಲರಿಗೂ ನಮಸ್ಕಾರ. ಹೀಗೊಂದು ಸಂದರ್ಭ ಇಟ್ಟುಕೊಳ್ಳೋಣ. ಜಠರದ ಕೆಳತುದಿಯ ಭಾಗವಾದ ಆಂಟ್ರಮ್‌ನಲ್ಲಿ ಹುಣ್ಣಾದ ಗಡ್ಡೆ, ಬಯಾಪ್ಸಿಯಲ್ಲಿ ಅಡೆನೊಕಾರ್ಸಿನೋಮಾ ಎಂಬ ಕ್ಯಾನ್ಸರ್. ಅಲ್ಟ್ರಾಸೌಂಡ್ ಮಾಡಿದಾಗ ಲಿವರಿನ ಏಳನೇ ಸೆಗ್ಮೆಂಟಿನಲ್ಲಿ 16 ಮಿ.ಮೀ. ಬಿಳಿ ಮಚ್ಚೆ. ಸಿ.ಟಿ.ಯಲ್ಲಿ ಪೋರ್ಟಲ್ ಫೇಸ್ (ಕಾಂಟ್ರಾಸ್ಟ್ ಔಷಧಿ ಚುಚ್ಚಿದ ಸುಮಾರು 70 ಸೆಕೆಂಡಿನ ಚಿತ್ರ) ಒಂದನ್ನೇ ತೆಗೆದಿದ್ದಾರೆ. ಅದರಲ್ಲಿ ಮಚ್ಚೆ ಕಪ್ಪಾಗಿದೆ, ಅಂಚಿನ ಒಂದು ಕಡೆ ಮಾತ್ರ ಸ್ವಲ್ಪ ಬೆಳ್ಳಗಿದೆ. ರಿಪೋರ್ಟಿನಲ್ಲಿ 'ಹೆಮಾಂಜಿಯೋಮಾ (ಕ್ಯಾನ್ಸರ್ ಅಲ್ಲದ ರಕ್ತನಾಳದ ಗಡ್ಡೆ) ಅಥವಾ ಮೆಟಾಸ್ಟಾಸಿಸ್ (ಹರಡಿ ಬಂದ ಕ್ಯಾನ್ಸರ್)' ಎಂದು ಎರಡನ್ನೂ ಬರೆದು ಕೈತೊಳೆದುಕೊಂಡರೆ ಸರ್ಜನ್‌ಗೆ ಏನೂ ಸಿಗುವುದಿಲ್ಲ. ಈ ಹಂತದಿಂದ ಸರಿಯಾದ ದಾರಿ ಯಾವುದು? ಮೊದಲ ಸ್ಕ್ಯಾನನ್ನೇ ಹೇಗೆ ಮಾಡಿದ್ದರೆ ಈ ಪ್ರಶ್ನೆ ಹುಟ್ಟುತ್ತಿರಲಿಲ್ಲ?

ಸೋನೋ ಮಲೆನಾಡು

ಅಲ್ಟ್ರಾಸೌಂಡಿನಿಂದ ಶುರು ಮಾಡೋಣ, ಮಚ್ಚೆ ಮೊದಲು ಕಣ್ಣಿಗೆ ಬೀಳುವುದು ಅಲ್ಲೇ. ಹೆಮಾಂಜಿಯೋಮಾದ ಮಾಮೂಲಿ ಚಹರೆ ಹೀಗಿರುತ್ತದೆ: ಇಡೀ ಮಚ್ಚೆ ಒಂದೇ ಸಮನೆ ಬಿಳಿ, ಕತ್ತರಿಸಿದಂಥ ಅಂಚು, ಹಿಂದುಗಡೆ ಸ್ವಲ್ಪ ಹೆಚ್ಚಿದ ಹೊಳಪು, ಸುತ್ತ ಕಪ್ಪು ಉಂಗುರ ಇಲ್ಲ. 2016ರ ಯುರೋಪಿಯನ್ ಲಿವರ್ ಸಂಘದ ಮಾರ್ಗಸೂಚಿಯ ಪ್ರಕಾರ, ಲಿವರ್ ಆರೋಗ್ಯವಾಗಿದ್ದು ಮಚ್ಚೆ 3 ಸೆಂ.ಮೀ.ಗಿಂತ ಚಿಕ್ಕದಿದ್ದು ಈ ನಾಲ್ಕೂ ಲಕ್ಷಣ ಇದ್ದರೆ ಅಲ್ಟ್ರಾಸೌಂಡೇ ಸಾಕು. ಆದರೆ ಆ ಅನುಕೂಲ ಕ್ಯಾನ್ಸರ್ ರೋಗಿಗೂ ಸಿರೋಸಿಸ್ ರೋಗಿಗೂ ಸಿಗುವುದಿಲ್ಲ. ಅವರಿಗೆ ಕಾಂಟ್ರಾಸ್ಟ್ ಪರೀಕ್ಷೆ ಬೇಕೇ ಬೇಕು. ಇಲ್ಲಿ ಬಯಾಪ್ಸಿ ಕ್ಯಾನ್ಸರ್ ಎಂದಿರುವುದರಿಂದ ಅಲ್ಟ್ರಾಸೌಂಡ್ ಎಷ್ಟೇ ಚೆನ್ನಾಗಿ ಕಂಡರೂ ತೀರ್ಮಾನ ಅಲ್ಲಿಗೆ ನಿಲ್ಲಿಸುವಂತಿಲ್ಲ.

ಎರಡು ಕಡೆ ಎಚ್ಚರ ಬೇಕು. ಫ್ಯಾಟಿ ಲಿವರ್ ಇದ್ದರೆ ಹಿನ್ನೆಲೆಯೇ ಬೆಳ್ಳಗಾಗಿರುತ್ತದೆ, ಹೆಮಾಂಜಿಯೋಮಾ ಅದರ ಮುಂದೆ ಕಪ್ಪಾಗಿ ಕಾಣುತ್ತದೆ. ಬಣ್ಣ ಮಾತ್ರ ನೋಡಿ ಮೆಟಾಸ್ಟಾಸಿಸ್ ಎನ್ನಬಾರದು. ಇನ್ನೊಂದು, ಡಾಪ್ಲರ್ ಹಾಕಿದಾಗ ಒಳಗೆ ಹರಿವು ಕಾಣದಿದ್ದರೆ 'ರಕ್ತನಾಳದ ಗಡ್ಡೆಯಲ್ಲ' ಎಂದು ಕೆಲವರು ಬರೆಯುತ್ತಾರೆ. ಅದು ತಪ್ಪು. ಹೆಮಾಂಜಿಯೋಮಾದೊಳಗೆ ರಕ್ತ ಎಷ್ಟು ನಿಧಾನವಾಗಿ ಸರಿಯುತ್ತದೆ ಎಂದರೆ ಡಾಪ್ಲರ್ ಅದನ್ನು ಹಿಡಿಯುವುದಿಲ್ಲ. ತದ್ವಿರುದ್ಧವಾಗಿ, ಮಚ್ಚೆಯ ಸುತ್ತ ಕಪ್ಪು ಉಂಗುರ ಕಂಡರೆ, ಅದು ಎಷ್ಟೇ ತೆಳುವಾಗಿರಲಿ, ಮೆಟಾಸ್ಟಾಸಿಸ್ ಕಡೆಗೇ ಯೋಚಿಸಬೇಕು.

ಏಳನೇ ಸೆಗ್ಮೆಂಟ್ ಡಯಾಫ್ರಮ್ ಕೆಳಗೆ ಅಡಗಿರುತ್ತದೆ. ರೋಗಿಯನ್ನು ಎಡಮಗ್ಗುಲಾಗಿ ಮಲಗಿಸಿ, ಬಲಗೈ ತಲೆಯ ಮೇಲಿಟ್ಟು, ಪಕ್ಕೆಲುಬುಗಳ ಸಂದಿಯಿಂದ ನೋಡಿ. ಬೆನ್ನ ಮೇಲೆ ಮಲಗಿಸಿ ನೋಡಿದ ಚಿತ್ರದಲ್ಲಿ ಹಿಂದಿನ ಹೊಳಪು ಇದೆಯೋ ಇಲ್ಲವೋ ಎಂದು ತೀರ್ಮಾನಿಸಬೇಡಿ.

ಹೊಟ್ಟೆ ಸಿಟಿ

ಮೇಲಿನದಕ್ಕೆ ಪೂರ್ತಿ ಒಪ್ಪಿಗೆ. ಈಗ ಸಿ.ಟಿ. ವಿಷಯ. ಒಂದೇ ಫೇಸಿನಲ್ಲಿ ಹೆಮಾಂಜಿಯೋಮಾ ಹೇಳಲು ಹೋಗುವುದು ಸಿನಿಮಾದ ಒಂದು ಫೋಟೊ ನೋಡಿ ಕಥೆ ಹೇಳಿದ ಹಾಗೆ. ಹೆಮಾಂಜಿಯೋಮಾವನ್ನು ಗುರುತಿಸುವುದು ಅದರ ಬಣ್ಣದಿಂದಲ್ಲ, ತುಂಬುವ ರೀತಿಯಿಂದ.

ಒಳಗೆ ಇರುವುದು ರಕ್ತ ತುಂಬಿದ ಸಣ್ಣ ಸಣ್ಣ ಕೋಣೆಗಳು. ರಕ್ತ ಬರುವ ನಾಳಗಳು ಅಂಚಿನಲ್ಲಿ. ಕಾಲುವೆ ನೀರು ಬತ್ತಿದ ಕೆರೆಗೆ ಬಂದಾಗ ತೂಬಿನ ಬಾಯಲ್ಲಿ ಮೊದಲು ಮಡುಗಟ್ಟಿ, ಆಮೇಲೆ ನಿಧಾನಕ್ಕೆ ನಡುವಿಗೆ ಹರಡುವಂತೆ ಕಾಂಟ್ರಾಸ್ಟ್ ತುಂಬುತ್ತದೆ. ಹಾಗಾಗಿ ಆರ್ಟೀರಿಯಲ್ ಫೇಸಿನಲ್ಲಿ, ಅಂದರೆ ಔಷಧಿ ಇನ್ನೂ ಆರ್ಟರಿಗಳಲ್ಲಿರುವ ಮೊದಲ ಚಿತ್ರದಲ್ಲಿ, ಅಂಚಿನಲ್ಲಿ ಬಿಡಿ ಬಿಡಿ ಗುಂಡುಗಳು ಕಾಣುತ್ತವೆ, ಹರಿದ ಮುತ್ತಿನ ಸರದ ಹಾಗೆ. ಪೋರ್ಟಲ್‌ನಲ್ಲಿ ಗುಂಡುಗಳು ದೊಡ್ಡದಾಗಿ ಒಳಗೆ ಸರಿಯುತ್ತವೆ. ತಡವಾದ ಫೇಸಿನಲ್ಲಿ ಹೆಚ್ಚುಕಡಿಮೆ ಪೂರ್ತಿ ತುಂಬುತ್ತದೆ. ಮೆಟಾಸ್ಟಾಸಿಸ್‌ನಲ್ಲಿ ಕಾಣುವುದು ಹರಿದ ಸರ ಅಲ್ಲ, ಬಳೆ: ಅಂಚಿನ ಉದ್ದಕ್ಕೂ ಕಡಿಯದ ಉಂಗುರ. ತಡವಾದ ಫೇಸಿನಲ್ಲಿ ಆ ಉಂಗುರ ಮಸುಕಾಗಿ ನಡುವೆ ಮಾತ್ರ ಸ್ವಲ್ಪ ಬೆಳ್ಳಗಾಗಬಹುದು.

ಇದಕ್ಕಿಂತ ಬಿಗಿಯಾದ ಪರೀಕ್ಷೆ ಅಳತೆ. ಬೆಳ್ಳಗಾದ ಭಾಗದ ಬಿಳುಪಿನ ಅಳತೆಯಾದ ಎಚ್‌.ಯು. ಅಳೆದು, ಅದೇ ಫೇಸಿನ ಅಯೋರ್ಟಾ (ಹೃದಯದಿಂದ ಬರುವ ದೊಡ್ಡ ರಕ್ತನಾಳ) ಪಕ್ಕದಲ್ಲಿಟ್ಟು ನೋಡಿ. ಉದಾಹರಣೆಗೆ ಆರ್ಟೀರಿಯಲ್‌ನಲ್ಲಿ ಅಯೋರ್ಟಾ 280 ಇದ್ದಾಗ ಗುಂಡು 260ರ ಆಸುಪಾಸು, ಪೋರ್ಟಲ್‌ನಲ್ಲಿ 160ಕ್ಕೆ 150, ತಡವಾದ ಫೇಸಿನಲ್ಲಿ 110ಕ್ಕೆ 110. ಎಲ್ಲ ಫೇಸಿನಲ್ಲೂ ರಕ್ತದ ಜೊತೆಜೊತೆಗೇ ಏರಿ ಇಳಿದರೆ ಅದು ರಕ್ತದ ಕೊಳ, ಅಂದರೆ ಹೆಮಾಂಜಿಯೋಮಾ. ಲಿವರಿಗಿಂತ ಬೆಳ್ಳಗಿದೆ ಎಂದರೆ ಸಾಲದು, ಅಯೋರ್ಟಾದಷ್ಟು ಬೆಳ್ಳಗಿರಬೇಕು. ಮೆಟಾಸ್ಟಾಸಿಸ್‌ನ ಉಂಗುರ ಆರ್ಟೀರಿಯಲ್‌ನಲ್ಲಿ ಸಾಮಾನ್ಯವಾಗಿ ಅಯೋರ್ಟಾದ ಹತ್ತಿರವೂ ಬರುವುದಿಲ್ಲ.

2 ಸೆಂ.ಮೀ.ಗಿಂತ ಚಿಕ್ಕವು ಬಹಳ ಸಲ ಈ ಕ್ರಮ ಪಾಲಿಸುವುದಿಲ್ಲ. ಆರ್ಟೀರಿಯಲ್‌ನಲ್ಲೇ ಒಮ್ಮೆಗೆ ಪೂರ್ತಿ ಬೆಳಗಿಬಿಡುತ್ತವೆ. ಪಕ್ಕದ ಲಿವರಿನಲ್ಲಿ ಬೆಣೆಯಾಕಾರದ ಬಿಳುಪೂ ಇರಬಹುದು, ಆರ್ಟರಿ ರಕ್ತ ಪೋರ್ಟಲ್ ಕೊಂಬೆಗೆ ನುಗ್ಗುವುದರಿಂದ ಅದು ಬರುತ್ತದೆ. ಇಲ್ಲಿ ನಿರ್ಣಯ ಮುಂದಿನ ಫೇಸುಗಳಲ್ಲಿ. ರಕ್ತದಷ್ಟೇ ಬೆಳಕು ಉಳಿದರೆ ಹೆಮಾಂಜಿಯೋಮಾ. ಲಿವರಿಗಿಂತ ಕಪ್ಪಾದರೆ ಬೇರೆ ಏನೋ. ಸಿರೋಸಿಸ್ ಅಥವಾ ದೀರ್ಘಕಾಲದ ಹೆಪಟೈಟಿಸ್ ಬಿ ಇದ್ದರೆ ಲಿವರಿನದೇ ಕ್ಯಾನ್ಸರ್ ಮೊದಲು ಯೋಚಿಸಬೇಕು. ಜಠರದಲ್ಲಿ ನ್ಯೂರೋಎಂಡೋಕ್ರೈನ್ ಗಡ್ಡೆ ಇದ್ದರೆ ಅದರ ಮೆಟಾಸ್ಟಾಸಿಸ್.

ಸಿಟಿ ಟೆಕ್ ಹುಬ್ಬಳ್ಳಿ

ಡಾಕ್ಟ್ರೇ, ನೀವು ಹೇಳಿದ್ದೆಲ್ಲಾ ಖರೆ, ಆದ್ರ ರಿಕ್ವೆಸ್ಟ್ ಫಾರ್ಮ್ ಮ್ಯಾಲೆ 'ಸಿ.ಟಿ. ಅಬ್ಡೊಮನ್' ಅಂತ ಎರಡ ಶಬ್ದ ಬರ್ದು ಕಳಿಸಿದ್ರ ನಾವು ಮಾಮೂಲಿ 70 ಸೆಕೆಂಡಿನ ಒಂದ ಫೇಸ್ ತಗೊಂಡು ಬಿಡ್ತೀವ್ರಿ. 'ಜಠರದ ಗಡ್ಡೆ, ಲಿವರಿನ್ಯಾಗ ಮಚ್ಚೆ ಅದ' ಅಂತ ಬರದ್ರ ಹಿಂಗ ಮಾಡಬೇಕು:

ರಾತ್ರಿಯಿಂದ 6 ತಾಸು ಉಪಾಸ. ಮೊಣಕೈ ಹತ್ರ 18 ಅಥವಾ 20 ಗೇಜ್ ಕ್ಯಾನುಲಾ. 22 ಗೇಜಿನ್ಯಾಗ 4 ಮಿ.ಲೀ. ವೇಗ ತಡಿಯೂದಿಲ್ಲ, ಆರ್ಟೀರಿಯಲ್ ಫೇಸ್ ಸಪ್ಪಗ ಬರ್ತದ, ಗುಂಡು ಕಾಣೂದಿಲ್ಲ. ಆಮ್ಯಾಲೆ ಎಲ್ಲಾರೂ ಗಡ್ಡಿ ಬಗ್ಗೆ ವಾದ ಮಾಡ್ತಾರ, ತಪ್ಪು ಸೂಜಿದು ಇರ್ತದ. ಕ್ರಿಯಾಟಿನಿನ್ ಮೊದಲ ನೋಡ್ರಿ, ಕಿಡ್ನಿ ಸೋಸೂ ಅಳತಿ ಇ.ಜಿ.ಎಫ್‌.ಆರ್. 30ಕ್ಕಿಂತ ಕಡಿಮಿ ಇದ್ರ ಡಾಕ್ಟರನ್ನ ಕೇಳದ ಕಾಂಟ್ರಾಸ್ಟ್ ಹಾಕಬ್ಯಾಡ್ರಿ.

ಹೊಟ್ಟಿಗೆ ಬಿಳಿ ಕಾಂಟ್ರಾಸ್ಟ್ ಕುಡಿಸಬ್ಯಾಡ್ರಿ. ಜಠರದ ಗೋಡಿ ಬೆಳ್ಳಗಾಗೂದನ್ನ ಅದು ಮುಚ್ಚಿಬಿಡ್ತದ. ಬರೇ ನೀರು, ಒಟ್ಟ 800 ರಿಂದ 1000 ಮಿ.ಲೀ. ಅರ್ಧದಷ್ಟು ಒಂದ 15 ನಿಮಿಷ ಮೊದಲ, ಉಳದಿದ್ದು ಟೇಬಲ್ ಮ್ಯಾಲೆ ಕೂಡಿಸಿ, ಮಲಗಿಸೂಕಿಂತ ಮೊದಲ. ತಾಸು ಮೊದಲ ಕುಡಿಸಿದ ನೀರು ಅಷ್ಟೊತ್ತಿಗೆ ಸಣ್ಣಕರುಳಿಗೆ ಹೋಗಿರ್ತದ, ಜಠರ ಮತ್ತ ಚೀಲ ಮಡಚಿದಂಗ ಕೂತಿರ್ತದ. ಡಾಕ್ಟ್ರು ಒಪ್ಪಿದ್ರ ಬಸ್ಕೋಪಾನ್ 20 ಮಿ.ಗ್ರಾಂ. ಐ.ವಿ. ಕೊಟ್ರ ಜಠರ ಅಲ್ಲಾಡೂದಿಲ್ಲ. ಗ್ಲಾಕೋಮಾ, ಮೂತ್ರ ಕಟ್ಟೂದು, ಎದಿ ಬಡಿತದ ತೊಂದರಿ ಇದ್ದವ್ರಿಗೆ ಅದು ಬ್ಯಾಡ.

ನೀರು ಭಾರ, ತಗ್ಗಿಗೆ ಹೋಗ್ತದ. ಬೆನ್ನ ಮ್ಯಾಲೆ ಮಲಗಿಸಿದ್ರ ಜಠರದ ಮ್ಯಾಲಿನ ಭಾಗ ಫಂಡಸ್ ತುಂಬ್ತದ. ಗಡ್ಡಿ ಆಂಟ್ರಮ್‌ನ್ಯಾಗ ಇದ್ರ ಬಲಮಗ್ಗಲಿಗೆ 30–45 ಡಿಗ್ರಿ ವಾಲಿಸ್ರಿ, ಅಲ್ಲಿ ನೀರು ಬರ್ತದ. ಇದೊಂದು ಮಾಡದ ಎಷ್ಟೋ ಆಂಟ್ರಮ್ 'ದಪ್ಪಾಗ್ಯದ' ಅಂತ ಸುಳ್ಳ ರಿಪೋರ್ಟ್ ಬರ್ತದ್ರಿ.

ಕಾಂಟ್ರಾಸ್ಟ್ ಕೆ.ಜಿ.ಗೆ 1.5 ಮಿ.ಲೀ. ಮಿ.ಲೀ.ಗೆ 350 ಮಿ.ಗ್ರಾಂ. ಅಯೋಡಿನ್ ಇರೂದಾದ್ರ 60 ಕೆ.ಜಿ. ಮನುಷ್ಯಾಗ 90 ಮಿ.ಲೀ., ಸೆಕೆಂಡಿಗೆ 3.5–4, ಹಿಂದ 30–40 ಮಿ.ಲೀ. ಸಲೈನ್. ಡಯಾಫ್ರಮ್ ಮಟ್ಟದಾಗ ಅಯೋರ್ಟಾ ಮ್ಯಾಲೆ ಟ್ರ್ಯಾಕರ್ (ಕಾಂಟ್ರಾಸ್ಟ್ ಬಂದದ್ದನ್ನ ಅಳಿಯೂ ಗುರುತು), 100–120 ಎಚ್‌.ಯು. ದಾಟಿದ ಮ್ಯಾಲೆ 15–20 ಸೆಕೆಂಡಿಗೆ ಆರ್ಟೀರಿಯಲ್, ಲಿವರ್ ಮತ್ತ ಜಠರ. 70 ಸೆಕೆಂಡಿಗೆ ಪೋರ್ಟಲ್, ಎದಿ ಕೆಳಗಿಂದ ಪೆಲ್ವಿಸ್ ತನಕ. 5 ನಿಮಿಷಕ್ಕ ತಡದ್ದು, ಬರೇ ಲಿವರ್ ಅಷ್ಟ, ಡೋಸ್ ಉಳೀತದ. 1 ಮಿ.ಮೀ. ತೆಳು ಸ್ಲೈಸ್ ಇಟ್ಕೊಂಡು ಕೊರೋನಲ್ (ಮುಂದಿನಿಂದ), ಸ್ಯಾಜಿಟಲ್ (ಪಕ್ಕದಿಂದ) ಚಿತ್ರ ಮಾಡಿ ಕೊಡ್ರಿ.

ಎಂಡೋ ಮೈಸೂರು

ಹುಬ್ಬಳ್ಳಿಯವರು ಹೇಳಿದ ನೀರಿನ ಬಗ್ಗೆ ಒಂದು ಮಾತು ಸೇರಿಸಲೇಬೇಕು. ಇಲ್ಲಿ ಗಡ್ಡೆ ಆಂಟ್ರಮ್‌ನಲ್ಲಿದೆ. ಜಠರದ ಹೊರಬಾಯಿ ಪೈಲೋರಸ್ ಕಟ್ಟಿಕೊಂಡಿದ್ದರೆ ಜಠರದಲ್ಲಿ ನಿನ್ನೆಯ ಊಟ ಇನ್ನೂ ಕೂತಿರುತ್ತದೆ. ಅಂಥವರಿಗೆ ಲೀಟರ್ ನೀರು ಕುಡಿಸಿ ಮಲಗಿಸಿದರೆ ವಾಂತಿ ಶ್ವಾಸಕೋಶಕ್ಕೆ ಹೋಗುವ ಅಪಾಯ ನಿಜವಾದದ್ದು. ತಿಂದದ್ದನ್ನೇ ಗಂಟೆಗಳ ನಂತರ ವಾಂತಿ ಮಾಡುತ್ತಾರಾ ಎಂದು ಮೊದಲು ಕೇಳಿ. ಹೌದಾದರೆ ಮೂಗಿನ ಟ್ಯೂಬ್ ಹಾಕಿ ಖಾಲಿ ಮಾಡಿಸಿ, ನಂತರ ಅದೇ ಟ್ಯೂಬಿನಲ್ಲಿ ಅಳತೆಯಾಗಿ ನೀರು ಬಿಡಿ, ಮುಗಿದ ಮೇಲೆ ಹೊರತೆಗೆಯಿರಿ.

ಸಿಟಿ ಟೆಕ್ ಹುಬ್ಬಳ್ಳಿ

ಖರೆ ಅದ ಡಾಕ್ಟ್ರೇ, ನಾ ಅದನ್ನ ಬಿಟ್ಟಿದ್ದೆ. ವಾಂತಿ ಅಂತ ಫಾರ್ಮ್ ಮ್ಯಾಲೆ ಬರಕೊಟ್ರ ಭಾಳ ಉಪಕಾರ ಆಗ್ತದ.

ರೇಡಿಯೋ ಪಿಜಿ

ತುಂಬ ಧನ್ಯವಾದ. ಹಾಗಾದರೆ ಈ ರೋಗಿಗೆ ಸಿ.ಟಿ.ಯನ್ನೇ ಸರಿಯಾದ ಫೇಸುಗಳಲ್ಲಿ ಮತ್ತೆ ಮಾಡುವುದೋ, ನೇರ ಎಂ.ಆರ್.ಐ.ಗೆ ಹೋಗುವುದೋ? ಪಿ.ಇ.ಟಿ. ಮಾಡಿದರೆ ಎರಡೂ ಒಟ್ಟಿಗೆ ಮುಗಿಯುವುದಿಲ್ಲವೇ?

ಎಂ.ಆರ್. ಕೋಣೆ

ಎಂ.ಆರ್.ಐ. ಮಾಡಿ. 16 ಮಿ.ಮೀ.ಗೆ ಅದೇ ಒಳ್ಳೆಯ ಉತ್ತರ ಕೊಡುತ್ತದೆ, ರೇಡಿಯೇಶನ್ ಕೂಡ ಇಲ್ಲ. ಆದರೆ ಎಂ.ಆರ್.ಐ.ಯಲ್ಲೂ 'ಟಿ2ನಲ್ಲಿ (ನೀರು ಬೆಳ್ಳಗೆ ಕಾಣುವ ಚಿತ್ರ) ಬಲ್ಬಿನಂತೆ ಬೆಳಗುತ್ತಿದೆ, ಆದ್ದರಿಂದ ಹೆಮಾಂಜಿಯೋಮಾ' ಎಂಬ ಒಂದೇ ಸಾಲಿನ ತರ್ಕ ಸಾಲದು.

ಟಿ2 ಎರಡು ಸಲ ತೆಗೆಯಿರಿ. ಒಂದು ಟಿ.ಇ. (ಸಿಗ್ನಲ್ ಹಿಡಿಯುವ ಮುನ್ನ ಕಾಯುವ ಮಿಲಿಸೆಕೆಂಡು) 80–90ರಲ್ಲಿ, ಇನ್ನೊಂದು 160–180ರಲ್ಲಿ. ಗಟ್ಟಿ ಗಡ್ಡೆ ಮೊದಲನೆಯದರಲ್ಲಿ ಬೆಳ್ಳಗಿದ್ದರೂ ಎರಡನೆಯದರಲ್ಲಿ ಮಂಕಾಗುತ್ತದೆ. ಹೆಮಾಂಜಿಯೋಮಾದಲ್ಲಿ ನಿಂತ ರಕ್ತ ಇರುವುದರಿಂದ ಬೆಳಕು ಉಳಿಯುತ್ತದೆ, ಬೆನ್ನುಹುರಿಯ ನೀರಿಗಿಂತ ಒಂದು ಮಟ್ಟ ಕಡಿಮೆ ಅಷ್ಟೆ. ಡಿಫ್ಯೂಶನ್‌ನಲ್ಲಿ (ನೀರಿನ ಕಣಗಳ ಚಲನೆ ತೋರಿಸುವ ಚಿತ್ರ) ಬಿ 800ರ ಚಿತ್ರದಲ್ಲೂ ಅದು ಬೆಳ್ಳಗೆ ಕಾಣಬಹುದು, ಗಾಬರಿ ಬೇಡ. ಅದು ಟಿ2ನ ಬೆಳಕೇ ಹಾಯ್ದು ಬಂದದ್ದು. ಆ ಚಲನೆಯನ್ನು ಅಂಕಿಯಲ್ಲಿ ತೋರಿಸುವ ಎ.ಡಿ.ಸಿ. ನಕ್ಷೆ ನೋಡಿ. ಅಲ್ಲೂ ಬೆಳ್ಳಗಿದ್ದರೆ, ಮೌಲ್ಯ 1.5 × 10⁻³ ಮಿ.ಮೀ.²/ಸೆ.ಗಿಂತ ಮೇಲಿದ್ದರೆ ಹೆಮಾಂಜಿಯೋಮಾದ ಕಡೆಗೆ ತೂಕ ಹೆಚ್ಚು. ಹೆಮಾಂಜಿಯೋಮಾ, ಮೆಟಾಸ್ಟಾಸಿಸ್ ಎರಡರ ಮೌಲ್ಯಗಳು ಒಂದರ ಮೇಲೊಂದು ಬೀಳುವುದೂ ಉಂಟು, ಆದ್ದರಿಂದ ಅಂಕಿಯೊಂದನ್ನೇ ನಂಬಬೇಡಿ. ಲೋಳೆ ತುಂಬಿದ ಮ್ಯುಸಿನಸ್ ಮೆಟಾಸ್ಟಾಸಿಸ್, ನಡುವೆ ಕೊಳೆತ ಮೆಟಾಸ್ಟಾಸಿಸ್, ನ್ಯೂರೋಎಂಡೋಕ್ರೈನ್, ಇವೆಲ್ಲ ಟಿ2ನಲ್ಲಿ ಬೆಳಗುತ್ತವೆ. ಜಠರದ ಕ್ಯಾನ್ಸರಿನಲ್ಲಿ ಮ್ಯುಸಿನಸ್ ಬಗೆ ಇರುವುದರಿಂದ ಈ ಎಚ್ಚರಿಕೆ ಇಲ್ಲಿ ವಿಶೇಷವಾಗಿ ಬೇಕು. ಕೊನೆಗೆ ಮಾತು ನಿಲ್ಲುವುದು ಹರಿದ ಸರವೋ ಬಳೆಯೋ ಎಂಬುದರ ಮೇಲೇ.

ಕಾಂಟ್ರಾಸ್ಟ್ ಆಯ್ಕೆಯಲ್ಲಿ ದೊಡ್ಡ ಹಳ್ಳ ಇದೆ. ಹೆಮಾಂಜಿಯೋಮಾ ಒಂದೇ ಪ್ರಶ್ನೆಯಾಗಿದ್ದರೆ ಸಾಮಾನ್ಯ ಗ್ಯಾಡೊಲಿನಿಯಮ್ ಒಳ್ಳೆಯದು, ಕೆ.ಜಿ.ಗೆ 0.1 ಮಿಲಿಮೋಲ್, ತಡವಾದ ಚಿತ್ರ 5 ನಿಮಿಷಕ್ಕೆ. ಲಿವರ್ ಕೋಶದೊಳಗೆ ಹೋಗುವ ಗ್ಯಾಡೊಕ್ಸೆಟೇಟ್, ಅಂದರೆ ಪ್ರಿಮೊವಿಸ್ಟ್, ಕೊಟ್ಟರೆ ಕೆ.ಜಿ.ಗೆ 0.025 ಮಿಲಿಮೋಲ್ ಮಾತ್ರ. ಡೋಸ್ ಕಡಿಮೆ, ಆರ್ಟೀರಿಯಲ್ ಮಸುಕು, ಕೆಲವರು ಅದೇ ಕ್ಷಣದಲ್ಲಿ ಉಸಿರು ಹಿಡಿಯಲಾರದೆ ಅಲುಗುತ್ತಾರೆ. ಇನ್ನೂ ಮುಖ್ಯವಾದ ತೊಂದರೆ ಮುಂದಿದೆ: 2–3 ನಿಮಿಷದ ಹೊತ್ತಿಗೆ ಸುತ್ತಲಿನ ಲಿವರ್ ಔಷಧಿ ಹೀರಿ ಬೆಳ್ಳಗಾಗುತ್ತದೆ, ರಕ್ತದಲ್ಲಿ ಔಷಧಿ ಇಳಿಯುತ್ತದೆ, ಹೆಮಾಂಜಿಯೋಮಾ ಲಿವರಿನ ಮುಂದೆ ಕಪ್ಪಾಗಿ ಕಾಣುತ್ತದೆ. ಅದು ಮಚ್ಚೆಯಿಂದ ಔಷಧಿ ತೊಳೆದುಹೋಗುವ, ನಿಜವಾದ ವಾಶ್‌ಔಟ್ ಅಲ್ಲ. 20 ನಿಮಿಷದ ಚಿತ್ರದಲ್ಲಿ ಹೆಮಾಂಜಿಯೋಮಾವೂ ಕಪ್ಪು, ಮೆಟಾಸ್ಟಾಸಿಸ್ಸೂ ಕಪ್ಪು. ಆದ್ದರಿಂದ ಈ ಔಷಧಿಯಲ್ಲಿ ವಾಶ್‌ಔಟ್ ಪೋರ್ಟಲ್ ಫೇಸಿನಲ್ಲಿ ಮಾತ್ರ ಓದಬೇಕು. ಲಿವರಿನಲ್ಲಿ ಬೇರೆಲ್ಲೂ ಸಣ್ಣ ಮೆಟಾಸ್ಟಾಸಿಸ್ ಇಲ್ಲವೇ ಎಂದು ಹುಡುಕುವುದೇ ಉದ್ದೇಶವಾದರೆ ಪ್ರಿಮೊವಿಸ್ಟ್ ಬಹಳ ಒಳ್ಳೆಯದು. ಯಾವ ಪ್ರಶ್ನೆಗೆ ಯಾವ ಔಷಧಿ ಎಂದು ಸ್ಕ್ಯಾನಿಗೆ ಮೊದಲೇ ನಿರ್ಧರಿಸಬೇಕು.

ನ್ಯೂಕ್ಲಿಯರ್ ಬೆಂಗಳೂರು

ಪಿ.ಇ.ಟಿ. ಈ ಮಚ್ಚೆಗೆ ಉತ್ತರವಲ್ಲ. ಹೆಮಾಂಜಿಯೋಮಾ ಪಿ.ಇ.ಟಿ.ಯಲ್ಲಿ ಕೊಡುವ ವಿಕಿರಣ ಸಕ್ಕರೆ ಎಫ್.ಡಿ.ಜಿ.ಯನ್ನು ಹೀರುವುದಿಲ್ಲ, ಸರಿ. ಆದರೆ ಸಿಗ್ನೆಟ್ ರಿಂಗ್ ಮತ್ತು ಮ್ಯುಸಿನಸ್ ಬಗೆಯ ಜಠರದ ಕ್ಯಾನ್ಸರ್ ಕೂಡ ಬಹಳ ಸಲ ಹೀರುವುದಿಲ್ಲ. ಜಠರದ ಮೂಲ ಗಡ್ಡೆಯೇ ಪಿ.ಇ.ಟಿ.ಯಲ್ಲಿ ತಣ್ಣಗಿದ್ದರೆ ಲಿವರಿನ ಮಚ್ಚೆ ತಣ್ಣಗಿದೆ ಎಂಬ ಮಾತಿಗೆ ಬೆಲೆ ಇಲ್ಲ. ಈ ಹೋಲಿಕೆ ಮಾಡದೆ 'ಮಚ್ಚೆಯಲ್ಲಿ ಅಪ್‌ಟೇಕ್ ಇಲ್ಲ, ಮೆಟಾಸ್ಟಾಸಿಸ್ ಅಲ್ಲ' ಎಂದು ಬರೆಯುವುದು ಅಪಾಯ. 16 ಮಿ.ಮೀ. ಮಚ್ಚೆ ಲಿವರಿನ ಸಹಜ ಅಪ್‌ಟೇಕಿನಲ್ಲೂ ಉಸಿರಾಟದ ಚಲನೆಯಲ್ಲೂ ಮುಚ್ಚಿಹೋಗಬಹುದು.

ಎಂ.ಆರ್.ಐ. ಮಾಡಲಾಗದವರಿಗೆ, ಉದಾಹರಣೆಗೆ ಹಳೆಯ ಪೇಸ್‌ಮೇಕರ್ ಇದ್ದರೆ, ಟೆಕ್ನೀಷಿಯಮ್ ಹಚ್ಚಿದ ಕೆಂಪು ರಕ್ತಕಣದ ಸ್ಕ್ಯಾನ್ ಇದೆ. ಮೊದಲು ಸ್ಟಾನಸ್ ಪೈರೋಫಾಸ್ಫೇಟ್, 20–30 ನಿಮಿಷದ ನಂತರ ಸುಮಾರು 20 ಮಿಲಿಕ್ಯೂರಿ ಟೆಕ್ನೀಷಿಯಮ್. ಮೊದಲ ನಿಮಿಷದಲ್ಲಿ ಮಚ್ಚೆಯಲ್ಲಿ ಹರಿವು ಕಡಿಮೆ, 1–2 ಗಂಟೆ ಬಿಟ್ಟು ಸ್ಪೆಕ್ಟ್ ಸಿ.ಟಿ.ಯಲ್ಲಿ ಅದೇ ಜಾಗ ಸುತ್ತಲಿಗಿಂತ ಹೊಳೆದರೆ ಹೆಮಾಂಜಿಯೋಮಾ. ಹೆಪಾರಿನ್ ಹೋಗುತ್ತಿದ್ದರೆ ಹಚ್ಚುವಿಕೆ ಸರಿಯಾಗುವುದಿಲ್ಲ, ಅದನ್ನು ಕೇಳಿ. 2 ಸೆಂ.ಮೀ.ಗಿಂತ ದೊಡ್ಡದಕ್ಕೆ ಇದು ನಂಬಿಕಸ್ಥ. 16 ಮಿ.ಮೀ.ನಲ್ಲಿ ಹೊಳೆದರೆ ನಂಬಿ, ಹೊಳೆಯದಿದ್ದರೆ ಏನೂ ತೀರ್ಮಾನಿಸಬೇಡಿ.

ಸೋನೋ ಮಲೆನಾಡು

ಕಾಂಟ್ರಾಸ್ಟ್ ಅಲ್ಟ್ರಾಸೌಂಡನ್ನು ಎಲ್ಲರೂ ಮರೆತಿದ್ದೀರಿ. ಕಿಡ್ನಿ ಸರಿಯಿಲ್ಲದವರಿಗೆ ಅದೇ ಮೊದಲ ಆಯ್ಕೆ ಆಗಬೇಕು. ಸಲ್ಫರ್ ಹೆಕ್ಸಾಫ್ಲೋರೈಡ್ ಗುಳ್ಳೆಗಳು, 2.4 ಮಿ.ಲೀ., ಹಿಂದೆ 10 ಮಿ.ಲೀ. ಸಲೈನ್. ಮೆಕ್ಯಾನಿಕಲ್ ಇಂಡೆಕ್ಸ್ ಕಡಿಮೆ ಇಡಬೇಕು, ಇಲ್ಲದಿದ್ದರೆ ಗುಳ್ಳೆ ಒಡೆದುಹೋಗುತ್ತವೆ. ಮೊದಲ ಒಂದು ನಿಮಿಷ ಕೈ ಅಲುಗಿಸದೆ ನೋಡಿ ಕ್ಲಿಪ್ ಉಳಿಸಿಕೊಳ್ಳಿ, ಆಮೇಲೆ ಬಿಟ್ಟು ಬಿಟ್ಟು 5 ನಿಮಿಷದವರೆಗೆ. ಗುಳ್ಳೆ ರಕ್ತನಾಳದ ಹೊರಗೆ ಹೋಗುವುದೇ ಇಲ್ಲ, ಹಾಗಾಗಿ ಪ್ರಿಮೊವಿಸ್ಟಿನ ಸುಳ್ಳು ವಾಶ್‌ಔಟ್ ಇಲ್ಲಿ ಇಲ್ಲ. ಮೆಟಾಸ್ಟಾಸಿಸ್ ಸಾಮಾನ್ಯವಾಗಿ 60 ಸೆಕೆಂಡಿನೊಳಗೇ ಕಪ್ಪಾಗಲು ಶುರುವಾಗುತ್ತದೆ. ಹೆಮಾಂಜಿಯೋಮಾ ಬೆಳಕು ಹಿಡಿದಿಟ್ಟುಕೊಳ್ಳುತ್ತದೆ.

ಎಂ.ಆರ್. ಕೋಣೆ

ಒಪ್ಪುತ್ತೇನೆ, ಆದರೆ ಏಳನೇ ಸೆಗ್ಮೆಂಟಿಗೆ ನಾನು ಅದನ್ನು ಮೊದಲು ಸೂಚಿಸುವುದಿಲ್ಲ. ನೀವೇ ಹೇಳಿದಂತೆ ಡಯಾಫ್ರಮ್ ಕೆಳಗಿನ ಜಾಗ. ಆರ್ಟೀರಿಯಲ್ ಇರುವುದು 20–30 ಸೆಕೆಂಡು. ಆ ಹೊತ್ತಿನಲ್ಲಿ ಶ್ವಾಸಕೋಶ ಅಡ್ಡ ಬಂದರೆ ಅಷ್ಟೇ, ಇನ್ನೊಂದು ಇಂಜೆಕ್ಷನ್. ಮೇಲಾಗಿ ಅದು ಒಂದು ಮಚ್ಚೆಗೆ ಉತ್ತರ ಕೊಡುತ್ತದೆ, ಕ್ಯಾನ್ಸರ್ ರೋಗಿಯಲ್ಲಿ ಇಡೀ ಲಿವರಿನ ಲೆಕ್ಕ ಬೇಕು.

ಸೋನೋ ಮಲೆನಾಡು

ಇಡೀ ಲಿವರಿನ ಲೆಕ್ಕ ಎಂಬ ಮಾತು ಸರಿ. ಕಿಡ್ನಿ ಚೆನ್ನಾಗಿದ್ದು ಎಂ.ಆರ್.ಐ. ಸಿಗುವುದಾದರೆ ಅದೇ ಆಗಲಿ.

ಎಂಡೋ ಮೈಸೂರು

ಇದೇ ಪ್ರಶ್ನೆ ತಿರುಗುಮುರುಗಾಗಿಯೂ ಬರುತ್ತದೆ, ಅದನ್ನೂ ಇಲ್ಲಿ ಹೇಳುವುದು ಒಳ್ಳೆಯದು. ಎಂಡೋಸ್ಕೋಪಿಯಲ್ಲಿ ಫಂಡಸ್ ಅಥವಾ ಲೆಸ್ಸರ್ ಕರ್ವೇಚರ್ ಬಳಿ ಉಬ್ಬು, ಮೇಲಿನ ಪೊರೆ ನಯವಾಗಿ ಚೆನ್ನಾಗಿದೆ. 'ಜಠರದ ಸಬ್‌ಮ್ಯುಕೋಸಲ್ ಗಡ್ಡೆ, ಜಿಸ್ಟ್ (ಜಠರ-ಕರುಳಿನ ಗೋಡೆಯ ಒಂದು ಬಗೆಯ ಗಡ್ಡೆ) ಇರಬಹುದು' ಎಂದು ರಿಪೋರ್ಟ್ ಹೋಗುತ್ತದೆ. ನೋಡಿದರೆ ಅದು ಲಿವರಿನ ಎಡ ಭಾಗದಿಂದ ಹೊರಕ್ಕೆ ನೇತಾಡುವ ಹೆಮಾಂಜಿಯೋಮಾ ಜಠರವನ್ನು ಒತ್ತಿರುವುದು. ಗುಲ್ಮ, ಗುಲ್ಮದ ಆರ್ಟರಿ, ಪ್ಯಾಂಕ್ರಿಯಾಸಿನ ನೀರುಗಂಟು ಕೂಡ ಹೀಗೇ ಮೋಸ ಮಾಡುತ್ತವೆ. ಆದ್ದರಿಂದ ನಯವಾದ ಉಬ್ಬಿಗೆ ಎಂಡೋಸ್ಕೋಪಿಯಲ್ಲೇ ಒಂದರ ಮೇಲೊಂದು ಆಳವಾಗಿ ಬಯಾಪ್ಸಿ ಕಚ್ಚಬೇಡಿ.

ಎಂಡೋಸ್ಕೋಪಿಕ್ ಅಲ್ಟ್ರಾಸೌಂಡ್ ಮಾಡಿ. ಗಾಳಿ ಹೀರಿ, ಜಠರಕ್ಕೆ ನೀರು ತುಂಬಿ ನೋಡಿದರೆ ಗೋಡೆ ಐದು ಪಟ್ಟಿಯಾಗಿ ಕಾಣುತ್ತದೆ: ಬಿಳಿ, ಕಪ್ಪು, ಬಿಳಿ, ಕಪ್ಪು, ಬಿಳಿ. ಮೂರನೆಯದು ಸಬ್‌ಮ್ಯುಕೋಸಾ, ನಾಲ್ಕನೆಯದು ಸ್ನಾಯು. ಐದೂ ಪಟ್ಟಿ ಮುರಿಯದೆ ಉಬ್ಬಿನ ಮೇಲೆ ಸಾಗಿದ್ದರೆ ಗಡ್ಡೆ ಹೊರಗಿನದು. ನಾಲ್ಕನೆಯ ಪಟ್ಟಿಯಿಂದಲೇ ಹುಟ್ಟಿದ ಕಪ್ಪು ಗಡ್ಡೆಯಾದರೆ ಜಿಸ್ಟ್ ಅಥವಾ ಲಿಯೋಮಯೋಮಾ. ಮೂರನೆಯದರಲ್ಲಿ ಅಚ್ಚ ಬಿಳಿಯಾದರೆ ಲೈಪೋಮಾ, ಫೋರ್ಸೆಪ್ಸ್ ಒತ್ತಿದರೆ ದಿಂಬಿನಂತೆ ತಗ್ಗುತ್ತದೆ. ಜಿಸ್ಟ್ ಎಂದು ಖಚಿತಪಡಿಸಲು ಸೂಜಿ ಹಾಕುವುದಾದರೆ ಜಠರದ ಒಳಗಿನಿಂದಲೇ ಹಾಕಿ, ಹೊಟ್ಟೆಯ ಮೇಲಿನಿಂದ ಬೇಡ. ಪೆರಿಟೋನಿಯಮ್‌ಗೆ ಗಡ್ಡೆಯ ಕಣ ಚೆಲ್ಲುವ ಭಯ ಇದೆ.

ಹೊಟ್ಟೆ ಸಿಟಿ

ಸಿ.ಟಿ.ಯಲ್ಲಿ ಈ ಎರಡನ್ನು ಬಿಡಿಸುವುದಕ್ಕೆ ಕೊರೋನಲ್ ಮತ್ತು ಸ್ಯಾಜಿಟಲ್‌ನಲ್ಲಿ ಗಡ್ಡೆ ಮತ್ತು ಅಂಗ ಸೇರುವ ಮೂಲೆ ನೋಡಿ. ಗಡ್ಡೆ ಹುಟ್ಟಿದ ಅಂಗದ ಅಂಚು ಕೊಕ್ಕಿನಂತೆ ಚೂಪಾಗಿ ಗಡ್ಡೆಯನ್ನು ತಬ್ಬಿರುತ್ತದೆ. ಬರೀ ಒತ್ತಲ್ಪಟ್ಟ ಅಂಗದ ಅಂಚು ಮೊಂಡಾಗಿ ಪಕ್ಕಕ್ಕೆ ಸರಿದಿರುತ್ತದೆ. ಆರ್ಟೀರಿಯಲ್ ಫೇಸಿನಲ್ಲಿ ರಕ್ತ ತರುವ ನಾಳ ಹುಡುಕಿ: ಲೆಫ್ಟ್ ಗ್ಯಾಸ್ಟ್ರಿಕ್ ಆರ್ಟರಿಯಿಂದ ಬಂದರೆ ಜಠರದ್ದು, ಲೆಫ್ಟ್ ಹೆಪಾಟಿಕ್‌ನಿಂದ ಬಂದರೆ ಲಿವರಿನದ್ದು. ಕೆಲವರಲ್ಲಿ ಲೆಫ್ಟ್ ಹೆಪಾಟಿಕ್ ಹುಟ್ಟುವುದೇ ಲೆಫ್ಟ್ ಗ್ಯಾಸ್ಟ್ರಿಕ್‌ನಿಂದ; ಆ ಕವಲನ್ನು ಕೊನೆಯವರೆಗೂ ಹಿಂಬಾಲಿಸಿ ನೋಡಬೇಕು.

ಮೆಡಿಕಲ್ ಆಂಕೊ

ಜಿಸ್ಟ್ ಮಾತು ಬಂದದ್ದರಿಂದ ಒಂದು ಗಂಭೀರ ತಪ್ಪಿನ ಬಗ್ಗೆ ಹೇಳಬೇಕು. ಜಿಸ್ಟ್‌ಗಳಲ್ಲಿ ಸುಮಾರು 60% ಜಠರದಲ್ಲೇ ಹುಟ್ಟುತ್ತವೆ. ಹರಡುವಾಗ ಲಿಂಫ್ ಗಂಟಿಗೆ ಹೋಗುವುದು ಅಪರೂಪ, ಲಿವರಿಗೂ ಪೆರಿಟೋನಿಯಮ್‌ಗೂ ಹೋಗುತ್ತವೆ. ಇಮಾಟಿನಿಬ್ ದಿನಕ್ಕೆ 400 ಮಿ.ಗ್ರಾಂ. ಶುರು ಮಾಡಿದ ಮೇಲೆ ಈ ಲಿವರ್ ಮೆಟಾಸ್ಟಾಸಿಸ್‌ಗಳು ನೀರುಗಂಟಿನಂತೆ ಆಗುತ್ತವೆ: ಸಿ.ಟಿ.ಯಲ್ಲಿ ಕಪ್ಪು, ಟಿ2ನಲ್ಲಿ ಹೊಳಪು, ಅಂಚು ನುಣುಪು. ಹಳೆಯ ಸ್ಕ್ಯಾನ್ ನೋಡದೆ ಓದಿದರೆ 'ಸಿಸ್ಟ್' ಅಥವಾ 'ಹೆಮಾಂಜಿಯೋಮಾ' ಎಂದು ಬರೆಯುವುದು ಸುಲಭ.

ಇದಕ್ಕಿಂತ ಕೆಟ್ಟದ್ದು, ಚಿಕಿತ್ಸೆಗೆ ಮೊದಲು ಲಿವರಿನಷ್ಟೇ ಬಣ್ಣದಲ್ಲಿ ಅಡಗಿದ್ದ ಮೆಟಾಸ್ಟಾಸಿಸ್ ಔಷಧಿಯ ನಂತರ ಕಪ್ಪಾಗಿ ಎದ್ದು ಕಂಡಾಗ 'ಹೊಸ ಗಡ್ಡೆ ಬಂದಿದೆ, ರೋಗ ಹೆಚ್ಚಾಗಿದೆ' ಎಂದು ಬರೆದು, ಕೆಲಸ ಮಾಡುತ್ತಿರುವ ಔಷಧಿಯನ್ನೇ ನಿಲ್ಲಿಸುವುದು. ಜಿಸ್ಟ್‌ನಲ್ಲಿ ಗಾತ್ರ ಒಂದನ್ನೇ ನೋಡಬಾರದು. ಚೋಯ್ ಮಾನದಂಡದಲ್ಲಿ ಗಾತ್ರ 10% ಇಳಿದರೂ ಅಥವಾ ಪೋರ್ಟಲ್ ಫೇಸಿನ ಎಚ್‌.ಯು. 15% ಇಳಿದರೂ ಅದು ಉತ್ತರ ಕೊಟ್ಟಂತೆ. ಪ್ರತಿ ಸಲವೂ ಅದೇ ಫೇಸ್, ಅದೇ ಸಮಯ, ಆದಷ್ಟು ಅದೇ ಮೆಶಿನ್ ಇರಬೇಕು, ಇಲ್ಲದಿದ್ದರೆ 15% ವ್ಯತ್ಯಾಸ ಸ್ಕ್ಯಾನಿನದೇ ಆಗಿರಬಹುದು. ಕಪ್ಪಾದ ಗಡ್ಡೆಯೊಳಗೆ ಹೊಸದಾಗಿ ಬೆಳ್ಳಗಾಗುವ ಸಣ್ಣ ಗುಂಡು ಕಂಡರೆ ಮಾತ್ರ ಕೂಡಲೇ ಫೋನ್ ಮಾಡಿ, ಅದು ರೋಗ ಮರಳುತ್ತಿರುವ ಗುರುತು.

ಸರ್ಜಿಕಲ್ ಆಂಕೊ

ಮೂಲ ಪ್ರಶ್ನೆಗೆ ಬರುತ್ತೇನೆ. ಲಿವರಿನ ಒಂದು ಮಚ್ಚೆ ಮೆಟಾಸ್ಟಾಸಿಸ್ ಎಂದರೆ ರೋಗಿ ನಾಲ್ಕನೇ ಹಂತ. ಗುಣಪಡಿಸುವ ಆಪರೇಷನ್ನಿನ ದಾರಿ ಸಾಮಾನ್ಯವಾಗಿ ಅಲ್ಲಿಗೆ ಮುಚ್ಚುತ್ತದೆ. ಹೆಮಾಂಜಿಯೋಮಾ ಎಂದರೆ ದಾರಿ ತೆರೆದಿದೆ. 16 ಮಿ.ಮೀ. ಮಚ್ಚೆಯ ಮೇಲೆ ಇಷ್ಟು ನಿಂತಿರುವಾಗ ಎರಡು ಹೆಸರನ್ನು ಓರೆ ಗೆರೆ ಹಾಕಿ ಬರೆದು ಕಳಿಸಬೇಡಿ ಎಂದು ಎಲ್ಲ ರೇಡಿಯಾಲಜಿಸ್ಟರಲ್ಲಿ ವಿನಂತಿ.

ಎಂ.ಆರ್.ಐ.ಯನ್ನು ಕೀಮೋ ಶುರುವಾಗುವ ಮೊದಲೇ ಮಾಡಿ. ಆಪರೇಷನ್ನಿಗೆ ಮುಂಚೆ ಫ್ಲಾಟ್ (ನಾಲ್ಕು ಔಷಧಿ ಸೇರಿದ) ಕೀಮೋ ನಾಲ್ಕು ಸುತ್ತು ಕೊಟ್ಟ ಮೇಲೆ ಮಚ್ಚೆ ಕುಗ್ಗಿದ್ದರೆ ಅದು ಮೆಟಾಸ್ಟಾಸಿಸ್ ಆಗಿತ್ತೇ ಎಂಬ ಸಂಶಯ ಮುಂದೆ ಬಗೆಹರಿಯುವುದಿಲ್ಲ.

ಜಠರದ ಬಗ್ಗೆ ಸಿ.ಟಿ. ರಿಪೋರ್ಟಿನಲ್ಲಿ ಬೇಕಾದದ್ದು: ಗಡ್ಡೆ ಜಠರದ ಮೇಲಿನ ಬಾಯಿ ಕಾರ್ಡಿಯಾದಿಂದ ಎಷ್ಟು ದೂರ, ಪೈಲೋರಸ್ ದಾಟಿದೆಯೇ, ಹೊರ ಅಂಚು ನುಣುಪೋ ಗಂಟುಗಂಟೋ, ಪ್ಯಾಂಕ್ರಿಯಾಸ್, ಟ್ರಾನ್ಸ್‌ವರ್ಸ್ ಮೀಸೋಕೋಲನ್‌ಗೆ ಹೊಕ್ಕಿದೆಯೇ. ತೆಳ್ಳಗಿನ ರೋಗಿಗಳಲ್ಲಿ ಜಠರ ಮತ್ತು ಪ್ಯಾಂಕ್ರಿಯಾಸಿನ ನಡುವೆ ಕೊಬ್ಬಿನ ಗೆರೆಯೇ ಇರುವುದಿಲ್ಲ. ಗೆರೆ ಕಾಣದ ಮಾತ್ರಕ್ಕೆ ಟಿ4ಬಿ (ಪಕ್ಕದ ಅಂಗಕ್ಕೆ ಹೊಕ್ಕ ಹಂತ) ಎನ್ನಬೇಡಿ. ಲಿಂಫ್ ಗಂಟಿನ ಅಡ್ಡಳತೆ 8 ಮಿ.ಮೀ. ಮೇಲಿದ್ದರೆ ಬರೆಯಿರಿ, ಆದರೆ ಸಣ್ಣ ಗಂಟಿನಲ್ಲೂ ರೋಗ ಇರಬಹುದೆಂದು ನಮಗೆ ಗೊತ್ತಿದೆ, ಅದಕ್ಕೇ ಆಪರೇಷನ್ನಿನಲ್ಲಿ ಕನಿಷ್ಠ 16 ಗಂಟು ಪರೀಕ್ಷೆಗೆ ಹೋಗಬೇಕು. ಹೆಂಗಸರಲ್ಲಿ ಅಂಡಾಶಯ ನೋಡದೆ ಸ್ಕ್ಯಾನ್ ಮುಗಿಸಬೇಡಿ. ಪೆರಿಟೋನಿಯಮ್‌ನ ಸಣ್ಣ ಕಾಳುಗಳು ಸಿ.ಟಿ.ಯಲ್ಲಿ ತಪ್ಪಿಹೋಗುತ್ತವೆ, ಅದಕ್ಕೆ ಲ್ಯಾಪರೋಸ್ಕೋಪಿ ಮಾಡಿ ತೊಳೆದ ನೀರನ್ನು ಸೈಟಾಲಜಿಗೆ ಕಳಿಸುತ್ತೇವೆ. ಲಿವರಿನ ಮಚ್ಚೆ ಆಗಲೂ ಸಂಶಯವಾಗಿದ್ದರೆ ಅದೇ ಹೊತ್ತಿಗೆ ಲ್ಯಾಪರೋಸ್ಕೋಪಿಕ್ ಅಲ್ಟ್ರಾಸೌಂಡ್ ಇಟ್ಟು ನೋಡಬಹುದು.

ರೇಡಿಯೋ ಪಿಜಿ

ಇಷ್ಟೆಲ್ಲ ಆಗಿಯೂ ಗೊತ್ತಾಗದಿದ್ದರೆ ಬಯಾಪ್ಸಿ ಮಾಡಬಹುದೇ? ಹೆಮಾಂಜಿಯೋಮಾಕ್ಕೆ ಸೂಜಿ ಹಾಕಲೇಬಾರದು ಎಂದು ಓದಿದ್ದೇನೆ.

ಇಂಟರ್ವೆನ್ಷನ್ ಕರಾವಳಿ

ಚಿತ್ರದಲ್ಲಿ ಸ್ಪಷ್ಟ ಹೆಮಾಂಜಿಯೋಮಾ ಆದರೆ ಸೂಜಿಯ ಅಗತ್ಯವೇ ಇಲ್ಲ. ಆದರೆ ಗಟ್ಟಿಯಾಗಿ ನಾರಾದ ಹೆಮಾಂಜಿಯೋಮಾ ಎಂಬ ಬಗೆ ಇದೆ: ಟಿ2ನಲ್ಲಿ ಮಂದ, ಸರಿಯಾಗಿ ತುಂಬುವುದಿಲ್ಲ, ಮೇಲಿನ ಕ್ಯಾಪ್ಸೂಲನ್ನು ಒಳಕ್ಕೆ ಎಳೆದಿರುತ್ತದೆ. ಅದು ನೋಡಲು ಮೆಟಾಸ್ಟಾಸಿಸ್ ಹಾಗೇ. ಅಂಥದಕ್ಕೆ ಬಯಾಪ್ಸಿ ಬೇಕಾಗುತ್ತದೆ, ಮಾಡಬಹುದು ಕೂಡ. ಐ.ಎನ್‌.ಆರ್. (ರಕ್ತ ಹೆಪ್ಪುಗಟ್ಟುವ ಪರೀಕ್ಷೆ) 1.5ಕ್ಕಿಂತ ಕಡಿಮೆ, ಪ್ಲೇಟ್‌ಲೆಟ್ 50,000 ಮೇಲೆ. ಸೂಜಿಯ ದಾರಿಯಲ್ಲಿ ಕನಿಷ್ಠ 1 ಸೆಂ.ಮೀ. ಒಳ್ಳೆಯ ಲಿವರ್ ಇರಲೇಬೇಕು, ಅದೇ ರಕ್ತಕ್ಕೆ ಬಿರಡೆ. ಮೇಲ್ಮೈಯಲ್ಲೇ ಕೂತ ಮಚ್ಚೆಗೆ ನೇರ ಚುಚ್ಚಬೇಡಿ. ಕೋಆಕ್ಸಿಯಲ್ (ಹೊರಸೂಜಿ) ಹಾಕಿ 18 ಗೇಜ್ ಕೋರ್ ತೆಗೆಯಿರಿ, ಹಿಂದೆ ಬರುವಾಗ ರಕ್ತ ನಿಲ್ಲಿಸುವ ಜೆಲ್‌ಫೋಮ್ ಬಿಡಿ. ತೆಳು ಸೂಜಿಯಲ್ಲಿ ಬರೀ ರಕ್ತ ಬಂದರೆ 'ಹೆಮಾಂಜಿಯೋಮಾ ಸಾಬೀತಾಯಿತು' ಎಂದು ಅರ್ಥವಲ್ಲ, ಸ್ಯಾಂಪಲ್ ಸಿಗಲಿಲ್ಲ ಎಂದಷ್ಟೇ. ಮೆಟಾಸ್ಟಾಸಿಸ್ ಎಂದು ಬಂದರೆ ಅದೇ ತುಂಡಿನಲ್ಲಿ ಹೆರ್2 ಪರೀಕ್ಷೆ (ಔಷಧಿ ಆಯ್ಕೆಗೆ) ಮಾಡಿಸಲು ಸಾಕಾಗುವಷ್ಟು ತೆಗೆದುಕೊಳ್ಳಿ.

ಹೊಟ್ಟೆ ಸಿಟಿ

ಪಿಜಿಯವರಿಗೆ, ಎಂ.ಆರ್.ಐ.ಯಲ್ಲಿ ಎಲ್ಲ ಲಕ್ಷಣ ಕೂಡಿಬಂದರೆ ರಿಪೋರ್ಟಿನ ಸಾರ ಹೀಗಿರಲಿ: 'ಏಳನೇ ಸೆಗ್ಮೆಂಟಿನಲ್ಲಿ 16 ಮಿ.ಮೀ. ಮಚ್ಚೆ; ಉದ್ದ ಟಿ.ಇ.ಯಲ್ಲೂ ಬೆಳಕು ಉಳಿದಿದೆ, ಅಂಚಿನಲ್ಲಿ ಬಿಡಿ ಗುಂಡುಗಳು, 5 ನಿಮಿಷಕ್ಕೆ ರಕ್ತದಷ್ಟೇ ತುಂಬಿದೆ, ಹೆಮಾಂಜಿಯೋಮಾ. ಲಿವರಿನಲ್ಲಿ ಮೆಟಾಸ್ಟಾಸಿಸ್ ಕಾಣುವುದಿಲ್ಲ.' 'ಇರಬಹುದು', 'ಕ್ಲಿನಿಕಲಿ ಹೋಲಿಸಿ' ಎಂಬ ಬಾಲ ಹಚ್ಚಬೇಡಿ. ಒಂದು ಲಕ್ಷಣ ತಪ್ಪಿದರೂ ಯಾವುದು ತಪ್ಪಿತು ಎಂದು ಹೆಸರಿಸಿ, ಮುಂದಿನ ಪರೀಕ್ಷೆ ಯಾವುದು ಎಂದು ಬರೆಯಿರಿ. ಈಗಿರುವ ಸಿ.ಟಿ.ಗೆ ಬರೆಯಬೇಕಾದದ್ದು: 'ಒಂದೇ ಫೇಸಿನಲ್ಲಿ ಈ ಮಚ್ಚೆಯ ಸ್ವಭಾವ ಹೇಳಲಾಗದು, ಕೀಮೋಗೆ ಮೊದಲು ಕಾಂಟ್ರಾಸ್ಟ್ ಎಂ.ಆರ್.ಐ. ಬೇಕು.'

ರೇಡಿಯೋ ಪಿಜಿ

ಎಲ್ಲರಿಗೂ ಹೃತ್ಪೂರ್ವಕ ಧನ್ಯವಾದ. ಕೊನೆಯ ಒಂದು ಸಂಶಯ: ಸಿ.ಟಿ.ಯ 70 ಸೆಕೆಂಡು, 5 ನಿಮಿಷ ಎಂದು ಹೇಳಿದ್ದು ಇಂಜೆಕ್ಷನ್ ಶುರುವಾದಲ್ಲಿಂದಲೋ, ಟ್ರ್ಯಾಕರ್ ದಾಟಿದಲ್ಲಿಂದಲೋ?

ಸಿಟಿ ಟೆಕ್ ಹುಬ್ಬಳ್ಳಿ

ಇಂಜೆಕ್ಷನ್ ಶುರು ಆದಲ್ಲಿಂದ್ರಿ. ಆರ್ಟೀರಿಯಲ್ ಒಂದ ಮಾತ್ರ ಟ್ರ್ಯಾಕರ್‌ನಿಂದ ಎಣಿಸೂದು. ಫೇಸ್ ಸರಿ ಬಂತೋ ಇಲ್ಲೋ ನೋಡಾಕ, ಆರ್ಟೀರಿಯಲ್‌ನ್ಯಾಗ ಪೋರ್ಟಲ್ ವೇನ್ ಸ್ವಲ್ಪ ಬೆಳ್ಳಗಾಗಿರಬೇಕು, ಹೆಪಾಟಿಕ್ ವೇನ್ ಇನ್ನೂ ಕಪ್ಪ ಇರಬೇಕು. ಹೆಪಾಟಿಕ್ ವೇನ್ ತುಂಬಿತ್ತಂದ್ರ ಫೇಸ್ ದಾಟಿ ಹೋಗ್ಯದ, ಆ ಚಿತ್ರದ ಮ್ಯಾಲೆ ಗುಂಡು ಹುಡುಕಬ್ಯಾಡ್ರಿ.